ಸಂಜೆ ಮೇನ್ ಸ್ವಿಚ್ ಆರಿಸುವ ಕಚೇರಿಗೆ ಬ್ಯಾಕಪ್

(ಶಿವಮೊಗ್ಗದಲ್ಲಿ ಸಹಕಾರ ಸಂಘ, ಅಡಿಕೆ ಮಂಡಿ, ಶಾಲೆ, ಸಣ್ಣ ಆಸ್ಪತ್ರೆಗಳ ಕಂಪ್ಯೂಟರ್ ನೋಡಿಕೊಳ್ಳುವವರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ವಾಕ್ಯಗಳಾಗಿ ಬಿಡಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಡೇಟಾಬೇಸ್ ಬ್ಯಾಕಪ್ ಬಗ್ಗೆ ಬರೆದ ಯಾವ ಕೈಪಿಡಿ ತೆರೆದರೂ ಒಂದು ಸಲಹೆ ಕಣ್ಣಿಗೆ ಬೀಳುತ್ತದೆ: ಬ್ಯಾಕಪ್ಪನ್ನು ರಾತ್ರಿ ಎರಡು ಗಂಟೆಗೆ ಇಟ್ಟುಕೊಳ್ಳಿ, ಆಗ ಬಳಕೆದಾರರು ಇರುವುದಿಲ್ಲ, ಸರ್ವರಿನ ಮೇಲೆ ಹೊರೆಯೂ ಇರುವುದಿಲ್ಲ. ದೊಡ್ಡ ಡೇಟಾ ಸೆಂಟರಿಗೆ ಇದು ಸರಿಯಾದ ಮಾತು. ಆದರೆ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಇರುವ ಒಂದು ಕೃಷಿ ಪತ್ತಿನ ಸಹಕಾರ ಸಂಘದ ಕಚೇರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಂಜೆ ದಿನವಹಿ ಮುಗಿಯುತ್ತದೆ. ಬಾಗಿಲಿಗೆ ಬೀಗ ಹಾಕುವ ಮುಂಚೆ ಯಾರಾದರೊಬ್ಬರು ಮೇನ್ ಸ್ವಿಚ್ ಆರಿಸುತ್ತಾರೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ತಂತಿಯ ಮೂಲಕ ಸಿಡಿಲು ಬಂದರೆ ಮೋಡೆಮ್, ಯುಪಿಎಸ್, ಕಂಪ್ಯೂಟರ್ ಎಲ್ಲವೂ ಒಟ್ಟಿಗೆ ಸುಟ್ಟುಹೋಗುತ್ತವೆ ಎಂಬುದನ್ನು ಕಂಡವರು ಮಾಡಿಕೊಂಡ ರೂಢಿ ಅದು. ಅವರು ಮಾಡುವುದು ಸರಿಯಾಗಿಯೇ ಇದೆ. ರಾತ್ರಿ ಎರಡು ಗಂಟೆಗೆ ಆ ಯಂತ್ರ ಆರಿರುತ್ತದೆ. ಬ್ಯಾಕಪ್ ನಡೆಯುವುದಿಲ್ಲ. ನಡೆಯಲಿಲ್ಲ ಎಂದು ಹೇಳುವುದಕ್ಕೂ ಅಲ್ಲಿ ಯಾರೂ ಇರುವುದಿಲ್ಲ.

ನನ್ನ ಮಾತೆಲ್ಲ ಈ ಮೌನದ ಸುತ್ತಲೇ ಇದೆ. ಗುಮಾಸ್ತರು ಕೈಯಿಂದ ಬ್ಯಾಕಪ್ ತೆಗೆಯುತ್ತಿದ್ದಾಗ ಒಂದು ದಿನ ಮರೆತರೆ ಮರೆತದ್ದು ಅವರಿಗಾದರೂ ನೆನಪಾಗುತ್ತಿತ್ತು. ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ದಿನದಿಂದ ಅದು ಯಾರ ತಲೆಯಲ್ಲೂ ಉಳಿಯುವುದಿಲ್ಲ. ನಡೆದರೂ ಸದ್ದಿಲ್ಲ, ನಿಂತರೂ ಸದ್ದಿಲ್ಲ. ಹಾಗಾಗಿ ಬ್ಯಾಕಪ್ ತಾನಾಗಿ ನಡೆಯುವಂತೆ ಮಾಡುವುದನ್ನು ನಾನು ಅರ್ಧ ಕೆಲಸ ಎಂದು ಎಣಿಸುತ್ತೇನೆ. ಅದು ನಿಂತಾಗ ಹೊರಗಿನಿಂದ ಯಾರಾದರೂ ಕೇಳುವಂತೆ ಏರ್ಪಾಡು ಮಾಡಬೇಕು. ತೆಗೆದ ಪ್ರತಿಯನ್ನು ಮರಳಿ ತುಂಬಿ ನೋಡುವ ಕೆಲಸವನ್ನೂ ಯಂತ್ರಕ್ಕೇ ಒಪ್ಪಿಸಬೇಕು. ಆಗ ಕೆಲಸ ಪೂರ್ಣ. ಕಂಟೇನರ್ ನಿಜವಾಗಿ ನೆರವಾಗುವುದು ಈ ಎರಡನೆಯ ಅರ್ಧದಲ್ಲಿ.

ಕಂಟೇನರ್ ಎಂದರೇನು ಎಂಬುದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. 2013ರಲ್ಲಿ ಡಾಕರ್ ಬಂದ ಮೇಲೆ ಇದು ಎಲ್ಲರ ಕೈಗೆಟುಕಿತು. ಒಂದು ತಂತ್ರಾಂಶವನ್ನು, ಅದು ಓಡಲು ಬೇಕಾದ ಲೈಬ್ರರಿಗಳ ಸಮೇತ, ಒಂದು ಇಮೇಜಿನಲ್ಲಿ ಕಟ್ಟಿಡುತ್ತಾರೆ. ಯಾವ ಲಿನಕ್ಸ್ ಯಂತ್ರದಲ್ಲಿ ಬಿಚ್ಚಿದರೂ ಅದು ಒಂದೇ ರೀತಿ ನಡೆಯುತ್ತದೆ. ನಿಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸ್ ಒಂದು ಕಂಟೇನರಿನಲ್ಲಿ ಓಡುತ್ತಿದ್ದರೆ ಅದರ ಪಕ್ಕದಲ್ಲಿ ಬ್ಯಾಕಪ್ಪಿಗೆಂದೇ ಇನ್ನೊಂದನ್ನು ಇಡುತ್ತೀರಿ. ಅದರೊಳಗೆ ಡೇಟಾಬೇಸಿನ ಪ್ರತಿ ತೆಗೆಯುವ ಪಿಜಿ ಡಂಪ್ ಇರುತ್ತದೆ, ವೇಳೆ ನೋಡುವ ಕ್ರಾನ್ ಇರುತ್ತದೆ, ಹಳೆಯ ಪ್ರತಿಗಳನ್ನು ಅಳಿಸುವ ಸ್ಕ್ರಿಪ್ಟ್ ಇರುತ್ತದೆ. ಪೋಸ್ಟ್‌ಗ್ರೆಸ್-ಬ್ಯಾಕಪ್-ಲೋಕಲ್ ಎಂಬ ಸಿದ್ಧ ಇಮೇಜು ಈ ಕೆಲಸಕ್ಕಾಗಿಯೇ ಇದೆ. ಡೇಟಾಬೇಸಿನ ಹೆಸರು, ಬಳಕೆದಾರ, ವೇಳೆ, ಎಷ್ಟು ದಿನದ ಪ್ರತಿಗಳನ್ನು ಉಳಿಸಬೇಕು, ಎಲ್ಲಿ ಇಡಬೇಕು, ಇಷ್ಟನ್ನು ಕಂಪೋಸ್ ಕಡತದಲ್ಲಿ (ಯಾವ ಕಂಟೇನರ್ ಹೇಗೆ ಓಡಬೇಕೆಂದು ಡಾಕರಿಗೆ ಹೇಳುವ ಕಡತ) ಬರೆದರೆ ಮುಗಿಯಿತು. ಆ ಕಡತ ಒಂದು ಪುಟವನ್ನೂ ಮೀರುವುದಿಲ್ಲ. ಸಣ್ಣ ಸಂಸ್ಥೆಗೆ ಇದರಿಂದ ಆಗುವ ದೊಡ್ಡ ಉಪಕಾರವೆಂದರೆ, ಏರ್ಪಾಡು ಮಾಡಿದವರು ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೂ ಅವರು ಏನು ಮಾಡಿದ್ದರು ಎಂಬುದು ಓದಬಹುದಾದ ರೂಪದಲ್ಲಿ ಉಳಿದಿರುತ್ತದೆ.

ಒಂದು ಎಚ್ಚರಿಕೆ. ಓಡುತ್ತಿರುವ ಡೇಟಾಬೇಸಿನ ಡೇಟಾ ಫೋಲ್ಡರನ್ನು ಹಾಗೆಯೇ ನಕಲು ಮಾಡಿದರೆ ಅದು ಬ್ಯಾಕಪ್ ಆಗುವುದಿಲ್ಲ. ನಕಲು ನಡೆಯುತ್ತಿರುವಾಗಲೇ ಕಡತಗಳು ಬದಲಾಗುತ್ತಿರುತ್ತವೆ. ಮೊದಲು ನಕಲಾದ ಕಡತಕ್ಕೂ ಕೊನೆಗೆ ನಕಲಾದ ಕಡತಕ್ಕೂ ಹೊಂದಾಣಿಕೆ ಇರುವುದಿಲ್ಲ. ಪಿಜಿ ಡಂಪ್ ಹೀಗೆ ಮಾಡುವುದಿಲ್ಲ. ಅದು ಆರಂಭವಾದ ಕ್ಷಣದಲ್ಲಿ ಡೇಟಾಬೇಸ್ ಹೇಗಿತ್ತೋ ಆ ಒಂದೇ ಸ್ಥಿತಿಯನ್ನು ಕೊನೆಯವರೆಗೂ ಓದುತ್ತದೆ, ಓದುವವರನ್ನಾಗಲಿ ಬರೆಯುವವರನ್ನಾಗಲಿ ತಡೆಯುವುದಿಲ್ಲ. ಮೈಎಸ್‌ಕ್ಯುಎಲ್ ಎಂಬ ಇನ್ನೊಂದು ಡೇಟಾಬೇಸಿನ ಡಂಪಿಗೆ ಸಿಂಗಲ್ ಟ್ರಾನ್ಸಾಕ್ಷನ್ ಎಂಬ ಆಯ್ಕೆ ಕೊಟ್ಟರೆ ಇನೊಡಿಬಿ ಎಂಬ ಬಗೆಯ ಕೋಷ್ಟಕಗಳಿಗೆ ಇದೇ ಖಾತರಿ ಸಿಗುತ್ತದೆ. ಹಳೆಯ ಮೈಐಸ್ಯಾಮ್ ಕೋಷ್ಟಕಗಳಿಗೆ ಸಿಗುವುದಿಲ್ಲ.

ಕೌಂಟರಿನಲ್ಲಿ ಜನ ನಿಂತಿರುವಾಗಲೂ ಡಂಪ್ ತೆಗೆಯಬಹುದು ಎಂದಾದರೆ ರಾತ್ರಿಯವರೆಗೆ ಕಾಯುವ ಅಗತ್ಯವೇ ಇಲ್ಲ. ನಮ್ಮ ಕಚೇರಿಗಳಿಗೆ ನಾನು ಹೇಳುವ ವೇಳೆ ಮಧ್ಯಾಹ್ನ ಒಂದೂವರೆ ಮತ್ತು ಸಂಜೆ ಐದೂವರೆ, ಸೋಮವಾರದಿಂದ ಶನಿವಾರದವರೆಗೆ. ಕ್ರಾನಿನ ಐದು ಕಲಮುಗಳಲ್ಲಿ (ನಿಮಿಷ, ಗಂಟೆ, ತಾರೀಕು, ತಿಂಗಳು, ವಾರದ ದಿನ) ಅದು ಹೀಗಿರುತ್ತದೆ: 30 13,17 * * 1-6. ಮಧ್ಯಾಹ್ನದ ಪ್ರತಿ ಕೈಯಲ್ಲಿದ್ದರೆ ಸಂಜೆ ನಾಲ್ಕಕ್ಕೆ ಏನಾದರೂ ಕೆಟ್ಟರೂ ಮತ್ತೆ ಕೂಡಿಸಬೇಕಾದ್ದು ಅಲ್ಲಿಂದಾಚೆಗಿನ ರಸೀದಿಗಳನ್ನು ಮಾತ್ರ. ಅಡಿಕೆ ಮಂಡಿಯವರು ಇದನ್ನು ಇನ್ನೂ ಬಿಗಿಯಾಗಿ ಇಟ್ಟುಕೊಳ್ಳಬೇಕು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬಗೆಬಗೆಯ ಅಡಿಕೆಗೆ ಲಾಟು ಲಾಟಾಗಿ ದರ ಬರೆದುಕೊಂಡ ದಿನ ಒಂದೆರಡು ಗಂಟೆಯ ದಾಖಲೆ ಹೋದರೂ ಬೆಳೆಗಾರರಿಗೆ ಉತ್ತರ ಹೇಳಬೇಕಾಗುತ್ತದೆ. ಟೆಂಡರ್ ನಡೆಯುವ ದಿನ ಗಂಟೆಗೊಂದು ಡಂಪ್ ತೆಗೆದರೂ ಹೆಚ್ಚಲ್ಲ.

ಇಲ್ಲಿ ಹಲವರನ್ನು ಕಾಡುವ ಒಂದು ತೊಡಕಿದೆ. ಕಂಟೇನರಿನೊಳಗಿನ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ನಡೆಯುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನೀವು 17:30 ಎಂದು ಬರೆದರೆ ಅದು ಓಡುವುದು ನಮ್ಮ ರಾತ್ರಿ ಹನ್ನೊಂದಕ್ಕೆ, ಸ್ವಿಚ್ ಆರಿಸಿ ಎಷ್ಟೋ ಹೊತ್ತಾದ ಮೇಲೆ. ಕಂಪೋಸ್ ಕಡತದಲ್ಲಿ ಸಮಯವಲಯವನ್ನು ಏಷ್ಯಾ/ಕೋಲ್ಕತ್ತಾ ಎಂದು ಬರೆಯಿರಿ. ಬರೆದು ಸುಮ್ಮನಾಗಬೇಡಿ, ಮರುದಿನ ಕಡತದ ಮೇಲಿನ ವೇಳೆಯನ್ನು ಕಣ್ಣಾರೆ ನೋಡಿ. ಕೆಲವು ಸಣ್ಣ ಇಮೇಜುಗಳಲ್ಲಿ ಸಮಯವಲಯದ ಮಾಹಿತಿಯೇ ಇರುವುದಿಲ್ಲ, ಆಗ ಆ ಸಾಲು ಏನೂ ಮಾಡುವುದಿಲ್ಲ.

ಕರೆಂಟ್ ಹೋಗಿ ಬಂದ ಮೇಲಿನ ಮಾತು. ಆಗುಂಬೆ, ಹುಲಿಕಲ್, ಮಾಸ್ತಿಕಟ್ಟೆಯ ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ದಿನದ ಸಂಗತಿ. ಕ್ರಾನ್ ತಪ್ಪಿಹೋದ ವೇಳೆಯನ್ನು ಆಮೇಲೆ ತುಂಬಿಕೊಡುವುದಿಲ್ಲ. ಐದೂವರೆಗೆ ಯಂತ್ರ ಆರಿದ್ದರೆ ಆ ಸಂಜೆಯ ಬ್ಯಾಕಪ್ ಇಲ್ಲವೆಂದೇ ಅರ್ಥ. ಆದ್ದರಿಂದ ಕಂಟೇನರ್ ಏಳುತ್ತಲೇ ಒಂದು ಪ್ರತಿ ತೆಗೆಯುವ ಆಯ್ಕೆಯನ್ನು ಹಾಕಿಕೊಳ್ಳಿ, ನಾನು ಹೆಸರಿಸಿದ ಇಮೇಜಿನಲ್ಲಿ ಅದಿದೆ. ಕರೆಂಟ್ ಬಂದಾಗ ಕಂಟೇನರ್ ತಾನಾಗಿ ಏಳುವಂತೆ ರೀಸ್ಟಾರ್ಟ್ ನಿಯಮವನ್ನೂ ಬರೆಯಿರಿ. ಡೇಟಾಬೇಸಿಗಿಂತ ಮುಂಚೆ ಬ್ಯಾಕಪ್ ಕಂಟೇನರ್ ಎದ್ದುಬಿಟ್ಟರೆ ಸಂಪರ್ಕ ಸಿಗದೆ ಆ ಪ್ರಯತ್ನ ಕೆಡುತ್ತದೆ. ಕಂಪೋಸಿನಲ್ಲಿ ಬರೆದ ‘ಮೊದಲು ಇದು, ಆಮೇಲೆ ಅದು’ ಎಂಬ ಕ್ರಮ ನೀವು ಆದೇಶ ಕೊಟ್ಟು ಎಬ್ಬಿಸಿದಾಗ ನಡೆಯುತ್ತದೆ, ಯಂತ್ರ ಮರಳಿ ಹೊತ್ತಿಕೊಂಡು ಡಾಕರ್ ತಾನೇ ಎಬ್ಬಿಸಿದಾಗ ಆ ಕ್ರಮಕ್ಕೆ ಬೆಲೆಯಿಲ್ಲ. ಡೇಟಾಬೇಸ್ ಸಿದ್ಧವಾಗಿದೆಯೇ ಎಂದು ಪಿಜಿ ಈಸ್‌ರೆಡಿಯಿಂದ ಕೇಳಿ, ಇಲ್ಲವಾದರೆ ಸ್ವಲ್ಪ ಕಾದು ಮತ್ತೆ ಕೇಳುವ ಎರಡು ಸಾಲಿನ ಸ್ಕ್ರಿಪ್ಟ್ ಸಾಕು.

ಈಗ ನನಗೆ ಅತ್ಯಂತ ಭಯ ಹುಟ್ಟಿಸುವ ಸಂಗತಿಗೆ ಬರುತ್ತೇನೆ. ಸ್ವಂತ ಸ್ಕ್ರಿಪ್ಟ್ ಬರೆಯುವ ಬಹುಪಾಲು ಜನ ಪಿಜಿ ಡಂಪಿನಿಂದ ಬಂದದ್ದನ್ನು ಪೈಪಿನ ಮೂಲಕ, ಕಡತವನ್ನು ಒತ್ತಿ ಚಿಕ್ಕದಾಗಿಸುವ ಜಿಜಿಪ್ಪಿಗೆ ಕೊಟ್ಟು ಕಡತಕ್ಕೆ ಬರೆಸುತ್ತಾರೆ. ಹೀಗೆ ಜೋಡಿಸಿದಾಗ ಆದೇಶಗಳನ್ನು ನಡೆಸುವ ಶೆಲ್ ನೋಡುವುದು ಕೊನೆಯ ಆದೇಶ ಗೆದ್ದಿತೇ ಎಂಬುದನ್ನು ಮಾತ್ರ. ಪಾಸ್‌ವರ್ಡ್ ಬದಲಾಗಿ ಡಂಪ್ ಸೋತರೂ ಜಿಜಿಪ್ ತನಗೆ ಸಿಕ್ಕ ಶೂನ್ಯವನ್ನು ಸಂತೋಷವಾಗಿ ಒತ್ತಿ 20 ಬೈಟುಗಳ ಒಂದು ಕಡತ ಮಾಡಿಕೊಟ್ಟು, ಕೆಲಸ ಯಶಸ್ವಿ ಎನ್ನುತ್ತದೆ. ಫೋಲ್ಡರಿನಲ್ಲಿ ಇಂದಿನ ದಿನಾಂಕದ ಕಡತ ಕಾಣಿಸುತ್ತದೆ. ನಾಳೆ ಇನ್ನೊಂದು. ಏಳು ದಿನಕ್ಕಿಂತ ಹಳೆಯದನ್ನು ಅಳಿಸು ಎಂಬ ನಿಯಮ ತನ್ನ ಪಾಡಿಗೆ ತಾನು ಅಳಿಸುತ್ತಾ ಬರುತ್ತದೆ. ಒಂದು ವಾರ ಕಳೆಯುವಷ್ಟರಲ್ಲಿ ಒಳ್ಳೆಯ ಪ್ರತಿಗಳೆಲ್ಲ ಹೋಗಿ 20 ಬೈಟಿನ ಕಡತಗಳು ಸಾಲಾಗಿ ಕೂತಿರುತ್ತವೆ. ಇಲ್ಲಿ ಪ್ರತಿಗಳನ್ನು ನಾಶಮಾಡಿದ್ದು ಯಾವ ವೈರಸ್ಸೂ ಅಲ್ಲ, ನೀವೇ ಕಟ್ಟಿದ ಏರ್ಪಾಡು. ಸ್ಕ್ರಿಪ್ಟಿನ ಆರಂಭದಲ್ಲಿ, ಪೈಪಿನ ಯಾವ ಆದೇಶ ಸೋತರೂ ಸೋಲೆಂದೇ ಎಣಿಸುವ ಪೈಪ್‌ಫೇಲ್ ಆಯ್ಕೆ ಹಾಕಿ. ಹೊಸ ಪ್ರತಿಯ ಗಾತ್ರ ನಿನ್ನೆಯದರ ಅರ್ಧಕ್ಕಿಂತ ಕಡಿಮೆಯಿದ್ದರೆ ಹಳೆಯದನ್ನು ಅಳಿಸಬೇಡ ಎಂಬ ಷರತ್ತನ್ನೂ ಬರೆಯಿರಿ.

ದೊಡ್ಡವರಿಗೆ ಹೀಗಾಗುವುದಿಲ್ಲ ಎಂದುಕೊಳ್ಳಬೇಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ, ತಂತ್ರಾಂಶಗಳ ಕೋಡ್ ಇಡುವ ತಾಣ ನಡೆಸುವ ಸಂಸ್ಥೆಯಲ್ಲಿ ಒಬ್ಬ ಎಂಜಿನಿಯರ್ ಬೇರೆ ಸರ್ವರ್ ಎಂದು ಭಾವಿಸಿ ಮುಖ್ಯ ಡೇಟಾಬೇಸಿನ ಫೋಲ್ಡರನ್ನೇ ಅಳಿಸಿದರು. ಸುಮಾರು 300 ಜಿಬಿ. ಬ್ಯಾಕಪ್ ಹುಡುಕಿದರೆ ಅದನ್ನು ಇಡಬೇಕಿದ್ದ ಕ್ಲೌಡ್ ಜಾಗ ಬರಿದಾಗಿತ್ತು. ಕಾರಣ, ಸರ್ವರ್ ಪೋಸ್ಟ್‌ಗ್ರೆಸ್ 9.6ರಲ್ಲಿತ್ತು, ಬ್ಯಾಕಪ್ ಕೆಲಸ ಬಳಸುತ್ತಿದ್ದ ಪಿಜಿ ಡಂಪ್ 9.2ರದ್ದು. ತನಗಿಂತ ಹೊಸ ಸರ್ವರಿನಿಂದ ಡಂಪ್ ತೆಗೆಯಲು ಅದು ಒಪ್ಪುವುದಿಲ್ಲ. ಸೋತೆ ಎಂದು ಅದು ಇಮೇಲ್ ಕಳಿಸುತ್ತಲೂ ಇತ್ತು, ಆದರೆ ಆ ಇಮೇಲುಗಳು ಸಹಿ ಪರಿಶೀಲನೆಯಲ್ಲಿ ತಿರಸ್ಕೃತವಾಗಿ ಯಾರಿಗೂ ತಲುಪಲಿಲ್ಲ. ಬೇರೊಂದು ಕೆಲಸಕ್ಕೆಂದು ಸುಮಾರು ಆರು ಗಂಟೆ ಮುಂಚೆ ಕೈಯಿಂದ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ (ಡಿಸ್ಕಿನ ಆ ಕ್ಷಣದ ಪ್ರತಿ) ಅವರನ್ನು ಉಳಿಸಿತು. ಆ ಸಂಸ್ಥೆ ಇದನ್ನೆಲ್ಲ ಮುಚ್ಚಿಡದೆ ವಿವರವಾಗಿ ಪ್ರಕಟಿಸಿತು. ಅವರ ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಪೋಸ್ಟ್‌ಗ್ರೆಸ್ ಇಮೇಜಿನ ಆವೃತ್ತಿಯನ್ನೂ ಬ್ಯಾಕಪ್ ಇಮೇಜಿನ ಆವೃತ್ತಿಯನ್ನೂ ಒಂದೇ ಕಂಪೋಸ್ ಕಡತದಲ್ಲಿ ಮೇಲೆ ಕೆಳಗೆ ಬರೆಯಬೇಕು, ‘ಲೇಟೆಸ್ಟ್’ ಎಂದು ಬಿಡಬಾರದು ಎಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೆ. ಮೈಎಸ್‌ಕ್ಯುಎಲ್‌ನಿಂದ ಕವಲೊಡೆದ ಮರಿಯಾಡಿಬಿ ಬಳಸುವವರಿಗೂ ಇದೇ ಮಾತು. ಅದರ 11ನೇ ಆವೃತ್ತಿಯ ಇಮೇಜಿನಲ್ಲಿ ಹಳೆಯ ಮೈಎಸ್‌ಕ್ಯುಎಲ್ ಡಂಪ್ ಎಂಬ ಹೆಸರಿನ ಆದೇಶ ಇಲ್ಲ, ಮರಿಯಾಡಿಬಿ ಡಂಪ್ ಎಂದೇ ಕರೆಯಬೇಕು. ಹೆಸರು ಬದಲಾದದ್ದು ಹಳೆಯ ಸ್ಕ್ರಿಪ್ಟಿಗೆ ಹೇಗೆ ಗೊತ್ತಾಗಬೇಕು?

ಸೋತಾಗ ಸಂದೇಶ ಕಳಿಸು ಎಂಬ ಏರ್ಪಾಡು ಸಾಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆರಿದ ಯಂತ್ರ ತಾನು ಆರಿದ್ದೇನೆ ಎಂದು ಸಂದೇಶ ಕಳಿಸಲಾರದು. ಆದ್ದರಿಂದ ತಿರುಗುಮುರುಗು ಮಾಡಿ. ಬ್ಯಾಕಪ್ ಗೆದ್ದಾಗಲೆಲ್ಲ ಹೊರಗಿನ ಒಂದು ವಿಳಾಸಕ್ಕೆ ಒಂದು ಕರೆ ಹೋಗಲಿ. ನಿಗದಿತ ವೇಳೆಗೆ ಆ ಕರೆ ಬಾರದಿದ್ದರೆ ಆ ಹೊರಗಿನ ಸೇವೆ ನಿಮ್ಮ ಮೊಬೈಲಿಗೆ ತಿಳಿಸಲಿ. ಹೆಲ್ತ್‌ಚೆಕ್ಸ್ ಎಂಬ ಮುಕ್ತ ತಂತ್ರಾಂಶ ಮಾಡುವುದು ಇದನ್ನೇ. ಅದಕ್ಕೆ ಕ್ರಾನಿನ ಅದೇ ಸಾಲನ್ನೂ ಸಮಯವಲಯವನ್ನೂ ಕೊಟ್ಟರೆ ಭಾನುವಾರ ಕರೆಗಾಗಿ ಕಾಯುವುದಿಲ್ಲ. ಎಷ್ಟು ಹೊತ್ತು ತಾಳಬೇಕು ಎಂಬುದನ್ನೂ ಹೇಳಬಹುದು. ಮಳೆಗಾಲದಲ್ಲಿ ಈ ತಾಳ್ಮೆಯನ್ನು ಒಂದು ದಿನಕ್ಕೆ ಏರಿಸಿ. ಇಲ್ಲವಾದರೆ ಮರ ಬಿದ್ದು ಫೈಬರ್ ಕಡಿದಾಗಲೆಲ್ಲ ಎಚ್ಚರಿಕೆ ಬಂದು, ಕೊನೆಗೆ ನಿಜವಾದ ಎಚ್ಚರಿಕೆಯನ್ನೂ ಓದುವವರಿಲ್ಲದಂತಾಗುತ್ತದೆ.

ಮರಳಿ ತುಂಬಿ ನೋಡುವ ಕೆಲಸಕ್ಕೆ ಬರೋಣ. ಮಲೆನಾಡಿನಲ್ಲಿ ಮಳೆ ಹಿಡಿಯುವ ಮುಂಚೆ ಮಾಡಿನ ಹೆಂಚು ಕೈಯಾಡಿಸುತ್ತೇವಲ್ಲ, ಬ್ಯಾಕಪ್ಪಿನ ಪರೀಕ್ಷೆಯೂ ಹಾಗೆ ಹೊತ್ತಿಗೆ ಮುಂಚೆ ಆಗಬೇಕಾದ ಕೆಲಸ. ಎಲ್ಲರಿಗೂ ಇದು ಗೊತ್ತು, ಆದರೂ ಯಾರೂ ಮಾಡುವುದಿಲ್ಲ, ಏಕೆಂದರೆ ಪರೀಕ್ಷೆಗೆಂದು ಇನ್ನೊಂದು ಸರ್ವರ್ ಎಲ್ಲಿಂದ ತರುವುದು? ಕಂಟೇನರ್ ಈ ನೆಪವನ್ನು ತೆಗೆದುಹಾಕಿತು. ಬುಧವಾರ ಮಧ್ಯಾಹ್ನ ಒಂದು ಸ್ಕ್ರಿಪ್ಟ್ ಅದೇ ಆವೃತ್ತಿಯ ಖಾಲಿ ಪೋಸ್ಟ್‌ಗ್ರೆಸ್ ಕಂಟೇನರ್ ಒಂದನ್ನು ಎಬ್ಬಿಸುತ್ತದೆ. ಇತ್ತೀಚಿನ ಡಂಪನ್ನು ಅದರೊಳಗೆ ತುಂಬುತ್ತದೆ. ನಾಲ್ಕಾರು ಪ್ರಶ್ನೆ ಕೇಳುತ್ತದೆ. ಉತ್ತರ ಬರೆದಿಟ್ಟುಕೊಂಡು ಕಂಟೇನರನ್ನು ಅಳಿಸಿಬಿಡುತ್ತದೆ. ಈ ತಾತ್ಕಾಲಿಕ ಕಂಟೇನರಿಗೆ ನಿಜವಾದ ಡೇಟಾಬೇಸಿನ ವಾಲ್ಯೂಮ್ (ಡೇಟಾ ಇರುವ ಜಾಗ) ಜೋಡಿಸಲೇಬಾರದು, ಅದರ ಜಾಲವೂ ಬೇರೆಯಿರಬೇಕು.

ಏನು ಕೇಳಬೇಕು ಎಂಬುದನ್ನು ಎಂಜಿನಿಯರಿಗಿಂತ ಚೆನ್ನಾಗಿ ನಿಮ್ಮ ಲೆಕ್ಕಿಗರು ಹೇಳುತ್ತಾರೆ. ದಿನವಹಿಯ ಕೊನೆಯ ದಿನಾಂಕ ಯಾವುದು? ಆ ದಿನದ ಜಮಾ ಮತ್ತು ಖರ್ಚು ತಾಳೆಯಾಗುತ್ತದೆಯೇ? ಷೇರುದಾರರ ಸಂಖ್ಯೆ ಮೂಲದಲ್ಲಿರುವಷ್ಟೇ ಇದೆಯೇ? ಇವುಗಳ ಜೊತೆಗೆ ನಾನು ಯಾವಾಗಲೂ ಸೇರಿಸುವ ಪ್ರಶ್ನೆ ಒಂದಿದೆ: ಹೆಸರುಗಳು ಕನ್ನಡದಲ್ಲಿಯೇ ಮರಳಿ ಬಂದಿವೆಯೇ? ಮೈಎಸ್‌ಕ್ಯುಎಲ್‌ನಲ್ಲಿ 8.0ಕ್ಕೆ ಮುಂಚೆ ಏನೂ ಹೇಳದಿದ್ದರೆ ಲ್ಯಾಟಿನ್1 ಎಂಬ ಅಕ್ಷರ ಸಂಕೇತ ಬಳಕೆಯಾಗುತ್ತಿತ್ತು. ಹಳೆಯ ತಂತ್ರಾಂಶದಿಂದ ಹೊಸದಕ್ಕೆ ಸಾಗಿಸುವಾಗ ಎಲ್ಲೋ ಒಂದು ಹಂತದಲ್ಲಿ ಅದು ನುಸುಳಿದರೆ ಷೇರುದಾರರ ಹೆಸರಿರಬೇಕಾದ ಕಡೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ನಿಲ್ಲುತ್ತದೆ. ಸಾಲುಗಳ ಎಣಿಕೆ ಸರಿಯಾಗಿರುತ್ತದೆ, ಮೊತ್ತವೂ ಸರಿಯಾಗಿರುತ್ತದೆ, ಯಾರ ಹಣ ಎಂಬುದು ಮಾತ್ರ ಹೋಗಿರುತ್ತದೆ. ಕನ್ನಡದ ಯುನಿಕೋಡ್ ಅಕ್ಷರಗಳು 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಸ್ಥಾನಗಳಲ್ಲಿವೆ. ಆ ವ್ಯಾಪ್ತಿಯ ಅಕ್ಷರವಿರುವ ಹೆಸರುಗಳನ್ನು ಎಣಿಸಿ ಮೂಲದ ಎಣಿಕೆಯೊಂದಿಗೆ ಹೋಲಿಸಿದರೆ ಸಾಕು. ಹಳೆಯ ನುಡಿ ಫಾಂಟಿನಲ್ಲಿ ತುಂಬಿದ ದಾಖಲೆಗಳಿದ್ದರೆ ಅವು ಇಂಗ್ಲಿಷ್ ಅಕ್ಷರಗಳ ಗೋಜಲಿನಂತೆ ಕಾಣುತ್ತವೆ. ಗಾಬರಿಯಾಗಬೇಡಿ, ಅಲ್ಲಿ ಏನೂ ಕಳೆದುಹೋಗಿಲ್ಲ, ಆ ಫಾಂಟ್ ಹಾಕಿದರೆ ಓದಬಹುದು.

ಪಿಜಿ ಡಂಪ್ ಒಂದು ಡೇಟಾಬೇಸನ್ನು ಮಾತ್ರ ತೆಗೆಯುತ್ತದೆ, ಬಳಕೆದಾರರ ಪಾತ್ರಗಳನ್ನು (ಲಾಗಿನ್ ಹೆಸರು, ಪಾಸ್‌ವರ್ಡ್) ತೆಗೆಯುವುದಿಲ್ಲ ಎಂಬುದು ಹಲವರಿಗೆ ಗೊತ್ತಾಗುವುದು ಇಂಥ ಪರೀಕ್ಷೆಯಲ್ಲೇ. ಅವನ್ನು ಪಿಜಿ ಡಂಪ್‌ಆಲ್‌ನ ಗ್ಲೋಬಲ್ಸ್ ಆಯ್ಕೆಯಿಂದ ಬೇರೆಯಾಗಿ ತೆಗೆದಿಡಬೇಕು.

ಪ್ರತಿ ಎಲ್ಲಿರಬೇಕು? 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗ ನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದು ನಿಮಗೆ ನೆನಪಿರುತ್ತದೆ. ಸರ್ವರ್ ಮೇಜಿನ ಮೇಲೆ, ಬ್ಯಾಕಪ್ ಡಿಸ್ಕ್ ಅದರ ಕೆಳಗಿನ ಖಾನೆಯಲ್ಲಿ ಎಂಬ ಏರ್ಪಾಡು ಅಂಥ ದಿನ ಏನೂ ಉಳಿಸುವುದಿಲ್ಲ. ಒಂದು ಪ್ರತಿ ಕಚೇರಿಯಲ್ಲಿ, ಒಂದು ಬೇರೆ ಊರಿನಲ್ಲಿ ಇರಲೇಬೇಕು. ಮಳೆಗಾಲದ ನಿಧಾನ ಸಂಪರ್ಕದಲ್ಲಿ ಹೊರಗೆ ಕಳಿಸಲು ನಾನು ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಬಳಸುತ್ತೇನೆ. ಅದು ಕಡತವನ್ನು ತುಂಡುಗಳಾಗಿ ಮಾಡಿ, ಹಿಂದೆ ಕಳಿಸದ ತುಂಡುಗಳನ್ನು ಮಾತ್ರ ಕಳಿಸುತ್ತದೆ, ಎಲ್ಲವನ್ನೂ ಗೂಢಲಿಪಿಯಲ್ಲೇ ಇಡುತ್ತದೆ. ಅದಕ್ಕೆ ಒತ್ತಿದ ಕಡತ ಕೊಡಬೇಡಿ. ಡೇಟಾ ಒಂದು ಸಾಲು ಬದಲಾದರೂ ಜಿಜಿಪ್ ಕಡತ ಅಲ್ಲಿಂದ ಮುಂದಕ್ಕೆ ಪೂರ್ತಿ ಬೇರೆಯಾಗುತ್ತದೆ, ಆಗ ದಿನವೂ ಇಡೀ ಕಡತ ಸಾಗಬೇಕಾಗುತ್ತದೆ. ಒತ್ತದ ಡಂಪ್ ಕೊಟ್ಟರೆ ಅಂದು ಬದಲಾದಷ್ಟೇ ಹೋಗುತ್ತದೆ. 2022ರಲ್ಲಿ ಬಂದ 0.14ರಿಂದ ರೆಸ್ಟಿಕ್ ತಾನೇ ಒತ್ತುವ ಕೆಲಸವನ್ನೂ ಮಾಡುತ್ತದೆ.

ರೇಯ್ಡ್ (ಹಲವು ಡಿಸ್ಕುಗಳಲ್ಲಿ ಒಟ್ಟಿಗೆ ಬರೆಯುವುದು), ರೆಪ್ಲಿಕಾ (ಇನ್ನೊಂದು ಸರ್ವರಿನಲ್ಲಿ ಓಡುವ ನಕಲು), ಡ್ರೈವ್ ಸಿಂಕ್ ಇವುಗಳಲ್ಲಿ ಯಾವುದೂ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಆಸ್ಪತ್ರೆಯವರಿಗೆ ಒಂದು ಗಂಟೆಯ ದಾಖಲೆಯನ್ನೂ ಕಳೆದುಕೊಳ್ಳಲಾಗದು, ಅಂಥವರು ಬದಲಾವಣೆಗಳನ್ನು ಆಗಿಂದಾಗಲೇ ಉಳಿಸುತ್ತಾ ಹೋಗುವ ಪಿಜಿಬ್ಯಾಕ್‌ರೆಸ್ಟ್‌ನಂಥ ಸಾಧನವನ್ನು ನೋಡಬೇಕು. ಅದಕ್ಕೆ ಬೇರೆಯೇ ಒಂದು ಉಪನ್ಯಾಸ ಬೇಕಾಗುತ್ತದೆ.

ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

ಸಾಗರದ ಕಡೆಯ ಹಿರಿಯ ಕಾರ್ಯದರ್ಶಿಯೊಬ್ಬರು ಲೆಕ್ಕಪರಿಶೋಧನೆಯ ಬಗ್ಗೆ ಕೇಳಿದರು. ಪೋಸ್ಟ್‌ಗ್ರೆಸ್-ಬ್ಯಾಕಪ್-ಲೋಕಲ್ ಏನೂ ಹೇಳದಿದ್ದರೆ 7 ದಿನ, 4 ವಾರ, 6 ತಿಂಗಳ ಪ್ರತಿಗಳನ್ನು ಉಳಿಸಿಕೊಳ್ಳುತ್ತದೆ. ನಮ್ಮ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಆ ದಿನದ ಸ್ಥಿತಿಯನ್ನು ಎರಡು ವರ್ಷ ಕಳೆದ ಮೇಲೂ ಯಾರಾದರೂ ಕೇಳಬಹುದು. ಆದ್ದರಿಂದ ಮಾರ್ಚ್ 31ರ ಕೊನೆಯ ಡಂಪನ್ನು ಈ ಅಳಿಸುವ ನಿಯಮ ತಲುಪದ ಬೇರೆ ಫೋಲ್ಡರಿಗೆ ನಕಲು ಮಾಡಿ, ಹೊರಗೂ ಒಂದನ್ನು ಕಳಿಸಿ ಎಂದೆ.

ಕಂಟೇನರ್ ಇಲ್ಲದೆ ಇದೆಲ್ಲ ಆಗುವುದಿಲ್ಲವೇ ಎಂದು ಕಾಲೇಜಿನ ವಿದ್ಯಾರ್ಥಿನಿಯೊಬ್ಬರು ಕೇಳಿದರು. ಆಗುತ್ತದೆ. ಲಿನಕ್ಸಿನ ಸಿಸ್ಟಮ್‌ಡಿ ಟೈಮರ್ ಪರ್ಸಿಸ್ಟೆಂಟ್ ಎಂಬ ಆಯ್ಕೆ ಹಾಕಿದ್ದರೆ ತಪ್ಪಿಹೋದ ವೇಳೆಯನ್ನು ಯಂತ್ರ ಎದ್ದ ಮೇಲೆ ನಡೆಸಿಕೊಡುತ್ತದೆ, ಆ ಒಂದು ವಿಷಯದಲ್ಲಿ ಅದು ಕ್ರಾನಿಗಿಂತ ಮೇಲು. ಆದರೆ ಮರಳಿ ತುಂಬುವ ಪರೀಕ್ಷೆಯನ್ನು ಯಾವ ಅಂಜಿಕೆಯೂ ಇಲ್ಲದೆ ವಾರವಾರವೂ ಮಾಡಲು ಕಂಟೇನರಿನಷ್ಟು ಸುಲಭವಾದದ್ದನ್ನು ನಾನು ಕಂಡಿಲ್ಲ.

ಕೊನೆಯದು ಗೂಢಲಿಪಿಯ ಗುಪ್ತಪದ ಯಾರ ಬಳಿ ಇರಬೇಕು ಎಂಬ ಪ್ರಶ್ನೆ. ಬ್ಯಾಕಪ್ಪಿನಲ್ಲಿ ಸದಸ್ಯರ ಹೆಸರು, ಸಾಲ, ಆಧಾರ್ ವಿವರ ಎಲ್ಲವೂ ಇರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇವನ್ನು ಕಾಪಾಡುವ ಹೊಣೆಯನ್ನು ಇಟ್ಟುಕೊಂಡವರ ಮೇಲೆಯೇ ಹಾಕಿದೆ, ಹಾಗಾಗಿ ಗೂಢಲಿಪಿ ಬೇಡ ಎನ್ನುವಂತಿಲ್ಲ. ಗುಪ್ತಪದ ಕಳೆದರೆ ರೆಸ್ಟಿಕ್‌ನ ಪ್ರತಿಯನ್ನು ಯಾರಿಂದಲೂ ತೆರೆಯಲಾಗದು. ಅದನ್ನು ಸರ್ವರಿನಲ್ಲಿ ಮಾತ್ರ ಇಟ್ಟರೆ ಸರ್ವರ್ ಸುಟ್ಟ ದಿನ ಅದೂ ಹೋಗುತ್ತದೆ. ಕಾಗದದಲ್ಲಿ ಬರೆದು ಎರಡು ಲಕೋಟೆಗಳಲ್ಲಿ ಮುದ್ರೆ ಹಾಕಿ, ಒಂದನ್ನು ಸಂಘದ ತಿಜೋರಿಯಲ್ಲಿ, ಇನ್ನೊಂದನ್ನು ಬೇರೆ ಕಟ್ಟಡದಲ್ಲಿರುವ ಬ್ಯಾಂಕ್ ಲಾಕರಿನಲ್ಲಿ ಇಡಿ. ಲಕೋಟೆ ಎಲ್ಲಿದೆ ಎಂಬುದನ್ನು ಆಡಳಿತ ಮಂಡಳಿಯ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಗುಪ್ತಪದವನ್ನು ಅಲ್ಲಿ ಬರೆಯಬೇಡಿ.